ಹೆಗ್ಗನಹಳ್ಳಿಗೆ ಕೇಳಿಸುತ್ತಿದ್ದ ವಾಣಿಗಳ ಕುಲನಿರ್ಣಯ

ಲೇತ್ ಮೆಷಿನ್ನಿನ ಸದ್ದನ್ನು ಮೀರಿ ಬೆಂಗಳೂರಿನ ಹೆಗ್ಗನಹಳ್ಳಿಯ ಕಿವಿಗೆ ಬೀಳುವ ಮನುಷ್ಯಧ್ವನಿಗೆ ಈ ಶಾಸ್ತ್ರದಲ್ಲಿ ‘ವಾಣಿ’ ಎಂದು ಹೆಸರು. ಲಕ್ಷಣ ಎರಡು. ಮುಖ ಕಾಣದಿದ್ದರೂ ಗುರುತು ಹತ್ತಬೇಕು; ಒಂದು ದಿನ ಬಾರದಿದ್ದರೆ ‘ಹುಷಾರಿಲ್ವೇನೋ ಪಾಪ’ ಎಂದು ಮನೆಯವರು ಅನ್ನಬೇಕು. ಎರಡನೆಯದು ಇಲ್ಲದ್ದು ಬರೀ ಸದ್ದು. ಕಸದ ಆಟೊದ ಹಾಡು ಈ ಎರಡನೆಯ ಪರೀಕ್ಷೆಯಲ್ಲೇ ಬಿದ್ದುಹೋಗುತ್ತದೆ: ಅದು ಬಾರದಿದ್ದರೆ ಜನ ವಿಚಾರಿಸುವುದು ಕಸದ ಗತಿಯನ್ನು.

ಆದಿಕುಲ ಆಕಾಶಜ. ಬೆಂಗಳೂರು ಆಕಾಶವಾಣಿ 1955ರಲ್ಲಿ ಶುರುವಾಯಿತು. ಇದರಲ್ಲಿ ಗಂಭೀರ ಪಂಗಡ ವಾರ್ತೆ ಓದುವವರದು. ಹರಟೆ ಪಂಗಡದ ಮೂಲಪುರುಷ ಎ.ಎಸ್. ಮೂರ್ತಿ, ಕೇಳುಗರಿಗೆ ಅವರು ‘ಆಕಾಶವಾಣಿ ಈರಣ್ಣ’. ಪಾತ್ರದ ಹೆಸರು ಆಸಾಮಿಗೇ ಅಂಟಿಕೊಳ್ಳುವುದು ಉತ್ತಮ ವಾಣಿಯ ಕುರುಹು. ಹಾಡಿನ ಕೋರಿಕೆ ಓದುವವರದು ಇನ್ನೊಂದು ಶಾಖೆ. ಹೆಸರುಗಳ ಪಟ್ಟಿಯಲ್ಲಿ ಊರು ಬರುವ ತನಕ ಮನೆಯಲ್ಲಿ ಯಾರೂ ಉಸಿರೆತ್ತುತ್ತಿರಲಿಲ್ಲ. ಹಾಡು ಶುರುವಾದ ಮೇಲೆ ಯಾರೂ ಕೇಳುತ್ತಿರಲಿಲ್ಲ.

ದೂರದರ್ಶನಜ ಕುಲಕ್ಕೆ ಪ್ರಮಾಣ ನಿರೂಪಕಿ ಅಪರ್ಣಾ ಮತ್ತು 2002ರಿಂದ ‘ಥಟ್ ಅಂತ ಹೇಳಿ’ ರಸಪ್ರಶ್ನೆ ನಡೆಸುತ್ತ ಬಂದ ನಾ. ಸೋಮೇಶ್ವರ. ಸರಿಯುತ್ತರಕ್ಕೆ ಪುಸ್ತಕ ಕೊಡುವುದು ಈ ಕುಲದ ಆಚಾರ; ಕಾರು ಕೊಡುವ ಕುಲಗಳನ್ನು ಇಲ್ಲಿ ಸೇರಿಸಿಲ್ಲ.

ಪಂಡಿತರು ಕಡೆಗಣಿಸಿದ, ನನ್ನ ಪ್ರಕಾರ ಅತಿ ಮುಖ್ಯವಾದ ಕುಲ ಕೇಬಲಜ. ಕೇಬಲ್‌ನವರ ಸ್ವಂತ ಚಾನೆಲ್ಲಿನಲ್ಲಿ ಸಂಜೆಯಾದರೆ ಪಕ್ಕದ ಬೀದಿಯ ಮಗುವಿನ ಹುಟ್ಟುಹಬ್ಬದ ಫೋಟೊ, ಕೆಳಗೆ ಓಡುವ ಅಕ್ಷರದಲ್ಲಿ ಮಾವಂದಿರ ಹೆಸರು, ಗಣೇಶನ ಆರ್ಕೆಸ್ಟ್ರಾದ ರೆಕಾರ್ಡಿಂಗು. ನಿರೂಪಕ ಪರದೆಯಲ್ಲಿ ‘ವೀಕ್ಷಕ ಮಹಾಶಯರೇ’ ಎನ್ನುತ್ತಿದ್ದ. ತಿಂಗಳ ಮೊದಲ ವಾರ ‘ಅಕ್ಕಾ, ಕೇಬಲ್ ದುಡ್ಡು’ ಎಂದು ಬಾಗಿಲಿಗೇ ಬರುತ್ತಿದ್ದ. ‘ನಿನ್ನೆ ಪಿಕ್ಚರ್ ಅರ್ಧಕ್ಕೇ ನಿಲ್ಲಿಸಿದ್ಯಲ್ಲಪ್ಪಾ’ ಎಂದು ಬೈಯಲು ಸಿಗುತ್ತಿದ್ದ ಏಕೈಕ ಟಿವಿ ತಾರೆ ಇವನು. 2013ರಲ್ಲಿ ಬೆಂಗಳೂರಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಕುಲ ಅಲ್ಲಿಂದ ಕ್ಷಯಿಸಿತು.

ಎಫ್‌ಎಂಜ ಕುಲ ಜುಲೈ 2001ರಲ್ಲಿ ರೇಡಿಯೊ ಸಿಟಿಯೊಂದಿಗೆ ಹುಟ್ಟಿತು. ದೇಶದ ಮೊದಲ ಖಾಸಗಿ ಎಫ್‌ಎಂ ನಮ್ಮ ಊರಿನದೇ. ಇದು ವಲಸೆ ಜಾತಿ: ಡ್ಯಾನಿಶ್ ಸೇಠ್ ಸಿನಿಮಾಕ್ಕೆ ಹೋದರು, ರ‍್ಯಾಪಿಡ್ ರಶ್ಮಿ ಯೂಟ್ಯೂಬಿಗೆ. ತಪ್ಪೇನಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಲೋಕಕ್ಕೆಲ್ಲ ಮಾತಾಡುವವರಿಗೆ ಸುಂಕದಕಟ್ಟೆಯ ಜಾಮ್ ಹೇಳಲು ಪುರುಸೊತ್ತಿಲ್ಲ.

ದೂರದರ್ಶನಜ ಕುಲದ ಅಪರ್ಣಾ ಜುಲೈ 2024ರಲ್ಲಿ ತೀರಿಕೊಂಡರು. ಮೆಟ್ರೊಗೆ ಅವರು ದನಿ ಕೊಟ್ಟಿದ್ದರಿಂದ ‘ಪೀಣ್ಯ’ ಎಂದು ನೆಟ್ಟಗೆ ಉಚ್ಚರಿಸುವುದನ್ನು ಊರು ಕಲಿಯಿತು. ಹೆಗ್ಗನಹಳ್ಳಿಗೆ ಆ ಭಾಗ್ಯವೂ ಇಲ್ಲ. ಆ ಹೆಸರಿನ ನಿಲ್ದಾಣವಿಲ್ಲ.

ನನ್ನ ತೀರ್ಮಾನ ಇಷ್ಟು: ಮಾತುಗಾರರಿಗೆ ಬರ ಬಂದಿಲ್ಲ, ನಮ್ಮ ವಿಳಾಸ ಗೊತ್ತಿದ್ದ ಮಾತುಗಾರರು ಹೋದರು. ಆಕಾಶವಾಣಿ ಇನ್ನೂ ರಾಜಭವನ ರಸ್ತೆಯಲ್ಲೇ ಇದೆ, ಮೊಬೈಲಿನಲ್ಲೂ ಸಿಗುತ್ತದೆ. ಹಾಡು ಕೋರಿ ಒಂದು ಕಾರ್ಡು ಹಾಕಿ. ಊರಿನ ಹೆಸರು ಬಿಡಿಸಿ ಬರೆಯಿರಿ.