ಟಿಕೆಟ್ಟಿನ ಬೆನ್ನ ಮೇಲಿನ ಸಾಲ

ಕಾಡುಗೋಡಿಯಿಂದ ಮೆಜೆಸ್ಟಿಕ್ಕಿಗೆ 335ಇ ಹತ್ತಿ ಓಡಾಡಿದವರಿಗೆ ಈ ಸಂಕಟ ಗೊತ್ತು. ನೂರರ ನೋಟು ಕೊಟ್ಟಿರುತ್ತೇವೆ. ಕಂಡಕ್ಟರು ‘ಆಮೇಲೆ ಇಸ್ಕೊಳ್ಳಿ’ ಎಂದು ಟಿಕೆಟ್ಟಿನ ಹಿಂದೆ ಬಾಕಿಯನ್ನು ಗೀಚಿ ಮುಂದೆ ಹೋಗುತ್ತಾರೆ. ಅಲ್ಲಿಂದಾಚೆಗೆ ಕಿಟಕಿಯ ಹೊರಗಿನ ಊರು ಕಣ್ಣಿಗೆ ಬೀಳುವುದಿಲ್ಲ. ದೃಷ್ಟಿಯೆಲ್ಲ ಖಾಕಿ ಅಂಗಿಯ ಮೇಲೆ. ಮಾರತಹಳ್ಳಿ ದಾಟಿದರೆ ಎದೆ ಡವಡವ.

ಇದಕ್ಕಿಂತ ಸೊಗಸು ಜಂಟಿ ಸಾಲದ್ದು. ಹತ್ತರ ಒಂದೇ ನೋಟು ತೆಗೆದು ‘ಅವರಿಗೆ ಏಳು, ನಿಮಗೆ ಮೂರು, ಇಳಿದು ಹಂಚ್ಕೊಳ್ಳಿ’ ಅಂದುಬಿಡುತ್ತಾರೆ. ಹೋಪ್ ಫಾರ್ಮ್ ಬಳಿ ಒಮ್ಮೆ ನಾನೂ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗನೊಬ್ಬನೂ ಹೀಗೆ ಇಳಿದು, ಹೊಸದಾಗಿ ಮದುವೆಯಾದವರಂತೆ ಒಂದು ಮೊಳ ಅಂತರ ಬಿಟ್ಟು ಅಂಗಡಿ ಹುಡುಕುತ್ತ ನಡೆದೆವು. ಯಾರ ಹತ್ತಿರವೂ ಚಿಲ್ಲರೆಯಿಲ್ಲ. ಕೊನೆಗೆ ಹತ್ತು ರೂಪಾಯಿಗೂ ಕಡಲೆಕಾಯಿ ಕೊಂಡು ಸಮಪಾಲು ತಿಂದೆವು. ಅವನು ಬೆಂಗಳೂರಿಗೆ ಬಂದು ವಾರವಾಗಿತ್ತಂತೆ. ಊರಿನಲ್ಲಿ ಮೊದಲು ಮಾತಾಡಿಸಿದವನು ನಾನೇ ಅಂದ. ಹೆಸರು ಕೇಳುವಷ್ಟರಲ್ಲಿ ಅವನ ಆಫೀಸಿನ ಕ್ಯಾಬ್ ಬಂತು.

ಈಗ ಇಂಥ ಪಾಲುದಾರಿಕೆಗೆ ಅವಕಾಶವಿಲ್ಲ. 2022ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ನಮ್ಮ ಮೆಟ್ರೊ ವಾಟ್ಸ್‌ಆ್ಯಪಿನಲ್ಲಿ ಕ್ಯೂಆರ್ ಟಿಕೆಟ್ ಶುರುಮಾಡಿತು, ಟೋಕನ್ನಿಗಿಂತ ಶೇ 5ರಷ್ಟು ಅಗ್ಗವಾಗಿ. ಟಿಕೆಟ್ಟು ಹೀಗೆ ಫೋನಿಗೆ ಬಂದಾಗ ವೈಟ್‌ಫೀಲ್ಡಿಗೆ ರೈಲೇ ಬಂದಿರಲಿಲ್ಲ ಅನ್ನುವುದು ಬೇರೆ ಮಾತು. ಅದು ಬಂದದ್ದು 2023ರ ಮಾರ್ಚಿನಲ್ಲಿ, ಕೆ.ಆರ್. ಪುರದವರೆಗೆ ಮಾತ್ರ. ಅಲ್ಲಿಂದ ಬೈಯಪ್ಪನಹಳ್ಳಿಗೆ ಎರಡು ಕಿಲೋಮೀಟರ್ ಚಿಲ್ಲರೆ ದಾರಿಯನ್ನು ಅಕ್ಟೋಬರ್‌ವರೆಗೆ ಬಸ್ಸೇ ತುಂಬಿಕೊಟ್ಟಿತು. ನೋಡಿ, ರೈಲಿಗೂ ಚಿಲ್ಲರೆಯದೇ ತೊಂದರೆ! ಎಲೆಕ್ಟ್ರಾನಿಕ್ ಸಿಟಿಯ ಹಳದಿ ಮಾರ್ಗ ಶುರುವಾದದ್ದು 2025ರ ಆಗಸ್ಟಿನಲ್ಲಿ. ಚಾಲಕನಿಲ್ಲದೆ ಓಡಬಲ್ಲ ಗಾಡಿ. 19 ಕಿಲೋಮೀಟರು, 16 ನಿಲ್ದಾಣ, ಮೊದಲಿಗೆ ಇದ್ದದ್ದು ಮೂರೇ ರೈಲು. ಇಪ್ಪತ್ತೈದು ನಿಮಿಷಕ್ಕೊಂದರಂತೆ ಬರುತ್ತಿದ್ದ ಅದನ್ನು ಕಾಯುತ್ತ ನಿಂತವರು ಅಕ್ಕಪಕ್ಕದವರೊಡನೆ ಎರಡು ಮಾತಾಡಬಹುದಿತ್ತು. ಎಲ್ಲರ ಕಿವಿಯಲ್ಲೂ ಏನೋ ಸಿಕ್ಕಿಕೊಂಡಿತ್ತು.

ಬಸ್ಸಿಗೂ ಕ್ಯೂಆರ್ ಬಂದಿದೆ. ಊರಿಗೆಲ್ಲ ಸಾಫ್ಟ್‌ವೇರ್ ಬರೆದುಕೊಡುವವರ ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ‘ಬೇಗ ಸಾರ್, ಸ್ಟೇಜು ಬಂತು’ ಎಂದು ಕಂಡಕ್ಟರು ಅವಸರಿಸುತ್ತಾರೆ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ಈ ರಗಳೆಯಿಲ್ಲ. 2023ರ ಜೂನ್ 11ರಿಂದ ಅವರಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು. ನನ್ನ ಹೆಂಡತಿ ಆಧಾರ್ ತೋರಿಸಿ, ಕಿಟಕಿ ಪಕ್ಕ ಕೂತು ಊರು ನೋಡುತ್ತಾಳೆ. ಚಿಲ್ಲರೆಯ ಚಿಂತೆ ಬಿಟ್ಟರೆ ಬೆಂಗಳೂರು ಚೆನ್ನಾಗಿಯೇ ಇದೆಯಂತೆ.

ಕ್ಯೂಆರ್ ಬೇಡವೆನ್ನಲಾರೆ, ನಾನೂ ಅದನ್ನೇ ಬಳಸುತ್ತೇನೆ, ಬಾಕಿಗಾಗಿ ಕತ್ತು ಉಳುಕಿಸಿಕೊಳ್ಳುವುದು ತಪ್ಪಿದೆ. ಆದರೆ ಆ ಹುಡುಗ ಇದನ್ನು ಓದುತ್ತಿದ್ದರೆ ಒಂದು ಮಾತು. ಮೂರು ರೂಪಾಯಿಯವನಾದ ನಾನು ಐದು ರೂಪಾಯಿಯ ಕಡಲೆಕಾಯಿ ತಿಂದಿದ್ದೇನೆ ಕಣಪ್ಪ. ಎರಡು ರೂಪಾಯಿಯ ನಾಣ್ಯ ತೆಗೆದಿಟ್ಟಿದ್ದೇನೆ. ಬಂದು ಇಸ್ಕೊಂಡು ಹೋಗು, ಕ್ಯೂಆರ್ ಕಳಿಸಬೇಡ.