ಟೆರೇಸಿನ ಮೇಲಿನ ತರಂಗ

ನಿಸ್ತಂತು ಬ್ರಾಡ್‌ಬ್ಯಾಂಡಿನಲ್ಲಿ ದೂರ ಹೋಗುವ ಅಲೆ ಹೆಚ್ಚು ಹೊರುವುದಿಲ್ಲ, ಹೆಚ್ಚು ಹೊರುವ ಅಲೆ ದೂರ ಹೋಗುವುದಿಲ್ಲ. 2010ರಲ್ಲಿ 2300 ಮೆಗಾಹರ್ಟ್ಸ್ ತರಂಗಪಟ್ಟಿ ಹರಾಜಾದಾಗ ಅದರ ಮೇಲೆ ಓಡಬೇಕಾದ ತಂತ್ರಜ್ಞಾನ ವೈಮ್ಯಾಕ್ಸೋ ಎಲ್‌ಟಿಇಯೋ ಎಂಬ ಜಗಳವಿತ್ತು, ಎಲ್‌ಟಿಇ ಗೆದ್ದಿತು. 2022ರ ಹರಾಜು 5ಜಿಯನ್ನು ತಂದಿತು, 2023ರಲ್ಲಿ ಮುಂಬೈ ಮನೆಗಳಿಗೆ ಏರ್‌ಫೈಬರ್, ಅಂದರೆ 5ಜಿ ಅಲೆಯ ಮೇಲೆ ಬರುವ ಮನೆ ಬ್ರಾಡ್‌ಬ್ಯಾಂಡ್, ಬಂತು. ಮುಂಬೈಯ ಮಲಾಡ್‌ನಲ್ಲಿ ಮಾತ್ರ ಆಂಟೆನಾ ಏರಬೇಕೇ ಎಂಬ ಅಂತಿಮ ತೀರ್ಪು ಹೌಸಿಂಗ್ ಸೊಸೈಟಿಯದು. ಹಪ್ಪಳ ಒಣಗುವ ಟೆರೇಸಿನಲ್ಲಿ ಟೆಲಿಕಾಂ ಇಂಜಿನಿಯರ್ ಮತ್ತು ಸೊಸೈಟಿಯ ಸೆಕ್ರೆಟರಿ ಶೆಟ್ಟರ ಸಂವಾದ ಸಾಮಾನ್ಯವಾಗಿ ಹೀಗಿರುತ್ತದೆ:

"3300 ಮೆಗಾಹರ್ಟ್ಸ್ ಗೋಡೆಯನ್ನು ಅಷ್ಟಿಷ್ಟು ದಾಟ್ತದೆ ಶೆಟ್ರೇ. 26 ಗಿಗಾಹರ್ಟ್ಸಿಗೆ ವೇಗ ಜಾಸ್ತಿ, ಆದ್ರೆ ಮರದ ಎಲೆ ಅಡ್ಡ ಬಂದ್ರೂ ಸೊರಗ್ತದೆ."

"ನಮ್ಮ ಲಿಫ್ಟಿನ ಹಾಗೆ ಅನ್ನಿ. ಬಾಡಿಗೆ ಎಷ್ಟು ಮಾರಾಯ್ರೇ?"

"ಮೊದಲು ಕವರೇಜ್ ನೋಡುವ..."

"ಮೂರನೇ ಮಾಳಿಗೆಯವರು ವಿಕಿರಣದ ಹೆದರಿಕೆಯಿಂದ ಆಂಟೆನಾ ಬೇಡ ಅಂತ ಸಹಿ ಹಾಕಿದ್ದಾರೆ."

"ಸಿಗ್ನಲ್ ಇಲ್ಲ ಅಂತ ದೂರು ಕೊಟ್ಟದ್ದೂ ಅವರೇ ಅಲ್ವಾ?"

"ಅವರೇ. ಟವರ್ ಪಕ್ಕದ ಬಿಲ್ಡಿಂಗಿಗೆ, ಸಿಗ್ನಲ್ ನಮಗೆ. ಅಂಥ ಟೆಕ್ನಾಲಜಿ ಇಲ್ವಾ?"

ಇದೆ, ಎಲ್ಲ ಟೆಕ್ನಾಲಜಿಯೂ ಅದೇ. ಪಕ್ಕದ ಬಿಲ್ಡಿಂಗಿನವರೂ ಅದನ್ನೇ ಕೇಳುತ್ತಾರೆ ಎಂಬುದಷ್ಟೇ ತೊಡಕು. ವಿಕಿರಣದ ಮಿತಿಯನ್ನು ಭಾರತ 2012ರಲ್ಲೇ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿದೆ; ಸಹಿ ಹಾಕಿದ ಕಾಗದಕ್ಕೆ ಆ ಸುದ್ದಿ ಮುಟ್ಟಿಲ್ಲ. ಟವರಿಗೂ ಕೆಳಗಿಂದ ಫೈಬರ್ ಬೇಕು, ಅದಕ್ಕೆ ರಸ್ತೆ ಅಗೆಯಬೇಕು, ಅದೂ ಮಳೆಗಾಲದ ಮುಂಚೆ. ಕೊನೆಗೆ ಏರ್‌ಫೈಬರ್ ಬಂದರೂ ಟೆರೇಸಿನ ಆಂಟೆನಾದಿಂದ ಮನೆಯ ಹಾಲ್‌ವರೆಗೆ ಈ ವೈರ್‌ಲೆಸ್ ಇಳಿಯುವುದು ವೈರಿನಲ್ಲೇ.