ಹಕ್ಕಿ ಸರ್

ಬೆಳಿಗ್ಗೆ ಆರಕ್ಕೆ ಅರಕೇರಿಯ ಬೇವಿನ ಮರದ ಬುಡದಲ್ಲಿ ಯಾರಾದರೂ ಬಾಯಿ ತೆರೆದು ಮೇಲೆ ನೋಡುತ್ತ ನಿಂತಿದ್ದರೆ ಗಾಬರಿ ಬೇಡ. ಅವರು ನಮ್ಮ ಹಕ್ಕಿ ಸರ್. ಬ್ಯಾಂಕಿನಲ್ಲಿ ಜೀವಮಾನವಿಡೀ ನೋಟು ಎಣಿಸಿದವರು. ನಿವೃತ್ತರಾದ ಮೇಲೆ ಎಣಿಸಲು ಏನಾದರೂ ಬೇಕಿತ್ತು. ಅಷ್ಟರಲ್ಲಿ ಮಗ ಬೆಂಗಳೂರಿನಿಂದ ದುರ್ಬೀನು ಕಳಿಸಿದ. ಇಂಥವರು ಈಗ ಊರಿಗೊಬ್ಬರು ಇದ್ದಾರೆ.

ದುರ್ಬೀನಿನ ಜೊತೆ ಒಂದು ಅಂಗಿಯೂ ಬಂತು. ಹಕ್ಕಿಗೆ ಕಾಣಬಾರದೆಂದು ಹಸಿರು ಮಚ್ಚೆಯ ಬಟ್ಟೆ. ಮಲೆನಾಡಿನಲ್ಲಾದರೆ ಸರಿ, ನಮ್ಮ ಎರೆ ಹೊಲದ ಬಟ್ಟಬಯಲಲ್ಲಿ ಅಮೋಘಸಿದ್ಧನ ಗುಡ್ಡದ ಮೇಲೆ ನಿಂತವನಿಗೂ ಸರ್ ಎದ್ದು ಕಾಣುತ್ತಾರೆ. ಮೊದಲು ನೋಡುವುದು ಟಿಟ್ಟಿಭ. ಬರೀ ನೆಲದ ಮೇಲೆ ಹರಳಿನಂಥ ನಾಲ್ಕು ಮೊಟ್ಟೆ ಇಟ್ಟು ಕಾಯುವ ಹಕ್ಕಿ ಅದು, ಸುಮ್ಮನಿರುತ್ತದೆಯೇ? ಸರ್ ಬಗ್ಗಿ ಬಗ್ಗಿ ಹತ್ತು ಹೆಜ್ಜೆ ಇಡುವುದರೊಳಗೆ ತಲೆಯ ಮೇಲೆ ಸುತ್ತುತ್ತ ಚೀರಿ ಇಡೀ ಸೀಮೆಯ ಹಕ್ಕಿಗಳಿಗೆ ಸುದ್ದಿ ಮುಟ್ಟಿಸುತ್ತದೆ. ಆ ಮೇಲೆ ಸರ್ ಪಟ್ಟಿಯಲ್ಲಿ ಬರೆದುಕೊಳ್ಳುವುದು: 'ಟಿಟ್ಟಿಭ, 1'.

ಅವರ ಬೈಕಿನ ಹಿಂದೆ ಮಾತ್ರ ಕೂಡಬಾರದು. ಒಮ್ಮೆ ವಿಜಯಪುರದ ಬಸ್ಸು ಹಿಡಿಯಬೇಕೆಂದು ಹತ್ತಿದ್ದೆ. ನಡುದಾರಿಯಲ್ಲಿ ಗಕ್ಕನೆ ಬ್ರೇಕು. "ನೀಲಕಂಠ! ನಮ್ಮ ರಾಜ್ಯಪಕ್ಷಿ!" ತಂತಿಯ ಮೇಲೆ ಮಂಕಾದ ಕಂದು ಮುದ್ದೆಯೊಂದು ಕೂತಿತ್ತು. ಹಿಂದೆ ಬಂದ ಹಾಲಿನವ ಗಾಡಿ ನಿಲ್ಲಿಸಿ, "ಇದಕ್ಕ ಸರಕಾರದಾವ್ರು ಇನ್ನೊಂದೀಟು ಚಂದಂದು ಸಿಗಲಿಲ್ಲೇನ್ರಿ?" ಅಂದ. ಅದು ಕೇಳಿಸಿತೋ ಏನೋ, ಹಕ್ಕಿ ರೆಕ್ಕೆ ಬಿಚ್ಚಿ ಹಾರಿತು. ಆ ನೀಲಿ ನೋಡಿ ಹಾಲಿನವನೂ ಬಾಯಿ ಮುಚ್ಚಿದ. ಬಸ್ಸೂ ಹೋಯಿತು.

ಬಿಳಿಜೋಳ ಹಾಲುಗಾಳಿಗೆ ಬಂದಾಗ ಸರ್‌ಗೆ ಹಬ್ಬ. ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಬಂದಿಳಿಯುತ್ತವೆ. ಬ್ಯಾಂಕಿನ ಕೈ, ಎಣಿಸದೆ ಬಿಡುವುದಿಲ್ಲ. ನೂರಾ ನಲವತ್ತೆರಡಕ್ಕೆ ಬಂದಿದ್ದರು. ಅಷ್ಟರಲ್ಲಿ ಅಟ್ಟದ ಮೇಲಿಂದ 'ಹೋ!' ಎಂಬ ಕೂಗು, ಬೆನ್ನಿಗೇ ಕವಣಿಯ ಕಲ್ಲು. ಹಿಂಡು ಎದ್ದಿತು, ಲೆಕ್ಕ ಟ್ಯಾಲಿ ಆಗಲಿಲ್ಲ.

"ಏ, ಕಜಾಕಿಸ್ತಾನದ ಕಡಿಂದ ಬಂದಾವೋ ಮಾರಾಯಾ! ಹೊಡಿಬ್ಯಾಡ!"

"ಅಷ್ಟ ದೂರಿಂದ ಬಂದಾವಂದ್ರ ಹಸದಿರತಾವ ಬಿಡ್ರಿ ಪಾಪ," ಎಂದ ಅಟ್ಟದ ಮೇಲಿನ ಮುದುಕ, ಕವಣಿಗೆ ಮತ್ತೊಂದು ಕಲ್ಲು ಏರಿಸುತ್ತ. ಅವು ಯಾವ ಹೊತ್ತಿಗೆ ಬರುತ್ತವೆ, ಯಾವ ಜಾಲಿಯಲ್ಲಿ ರಾತ್ರಿ ಕಳೆಯುತ್ತವೆ, ಎಲ್ಲ ಅವನಿಗೆ ಬಾಯಿಪಾಠ. ಸರ್ ಅವನನ್ನೇ ಕೇಳಿ ಬರೆದುಕೊಳ್ಳುತ್ತಾರೆ, ಪುಸ್ತಕದಲ್ಲಿ ಓದಿದ್ದೆಂದು ನಮಗೆ ಹೇಳುತ್ತಾರೆ.

ಶ್ರಾವಣದಲ್ಲಿ ಚಿಟ್ಟೆಯ ಹುಚ್ಚು ಹತ್ತಿತು. ಹಿತ್ತಲಿನ ನಿಂಬಿಗಿಡದ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆಯೆಂದು ಹೆಂಡತಿ ಒರೆಸಲು ಹೋದರು. ಹಿಕ್ಕೆ ನಡೆಯಿತು! ನಿಂಬೆ ಚಿಟ್ಟೆಯ ಮರಿಹುಳು. ಹಕ್ಕಿ ತಿನ್ನಬಾರದೆಂದು ಹಿಕ್ಕೆಯ ವೇಷ. ಬಲಿತಂತೆ ಹಸಿರಾಯಿತು, ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬು ಹೊರಹಾಕಿ ಗಬ್ಬು ಬಿಡುತ್ತಿತ್ತು. ಸರ್ ದಿನಕ್ಕೆ ನಾಲ್ಕು ಸಲ ಮುಟ್ಟುವರು, ಮೂಸುವರು, ಹಿಗ್ಗುವರು. ಗಿಡ ಬೋಳಾಯಿತು. ಉಪ್ಪಿನಕಾಯಿಯ ಕನಸು ಕಂಡಿದ್ದ ಅಮ್ಮನವರು ಬೇವಿನೆಣ್ಣೆ ತಂದರೆ ಸರ್ ಗಿಡಕ್ಕೆ ಅಡ್ಡ ನಿಂತರು.

ಹುಳು ಕೋಶ ಕಟ್ಟಿತು. ಸರ್ ಕುರ್ಚಿ ಹಾಕಿ ಹಗಲೆಲ್ಲ ಕಾವಲು. ಒಂದು ವಾರ ಕಳೆದರೂ ಏನಿಲ್ಲ. ಅಷ್ಟರಲ್ಲಿ ಭೂತನಾಳ ಕೆರೆಗೆ ಯಾವುದೋ ಹೊಸ ಬಾತು ಬಂದಿದೆಯೆಂದು ಫೋನು. ನಸುಕಿಗೇ ಬೈಕು ಏರಿದರು. ಬಾತು ಇರಲಿಲ್ಲ. ಬಂದು ನೋಡಿದರೆ ಕೋಶ ಖಾಲಿ.

"ನೀವು ಹ್ವಾದ ಮ್ಯಾಲ ಹೊರಗ ಬಂತ್ರಿ. ರೆಕ್ಕಿ ಹಸಿ ಇದ್ದೂ, ಒಣಗಿಸಿಕೊಂತ ಕುಂತಿತ್ತು. ಕರೇದು, ಹಳದಿ ಚುಕ್ಕಿ. ನಾ ಹಿಂಗ ಬೆರಳ ಹಿಡದೆ, ಹತ್ತಿ ಕುಂತ್ತು."

ಸರ್ ಡೈರಿ ತೆಗೆದರು. "ಬಾಲ ಇತ್ತೋ ಇಲ್ಲೋ? ಅದನ್ನ ಹೇಳು."

"ಯಾರ ಬಾಲ ಯಾರ ನೋಡ್ಯಾರ್ರಿ," ಎಂದರು ಅಮ್ಮನವರು, ಬೇವಿನೆಣ್ಣೆಯ ಬಾಟಲಿ ಹುಡುಕುತ್ತ. "ನಿಮ್ಮಂಗ ಅದಕ್ಕೂ ಮನ್ಯಾಗ ಕುಂದ್ರೂದು ಆಗಲಿಲ್ಲ, ಹೋತು."